ಸಿಲಿಯಾದ ಬುಡದಲ್ಲಿ ಒಂದು ಬೇಲಿ

ಬಂದ ಪತ್ರ: "ಕಳೆದ ಸಂಚಿಕೆಯ ಲೇಖನದಲ್ಲಿ, ಪ್ರೋಟೀನುಗಳು ರೈಲು ಹತ್ತಿ ಸಿಲಿಯಾದೊಳಗೆ ಹೋಗುತ್ತವೆ ಎಂದು ಬರೆದಿದ್ದೀರಿ. ಸಿಲಿಯಾದ ಪೊರೆಯೂ ಜೀವಕೋಶದ ಪೊರೆಯೂ ಬೇರೆಯಲ್ಲ, ಒಂದೇ ಹಾಳೆ. ಪೊರೆಯಲ್ಲಿ ಪ್ರೋಟೀನು ತೇಲಾಡುತ್ತದೆ ಎಂದು ಮೂವತ್ತು ವರ್ಷ ಪಾಠ ಮಾಡಿದವನು ನಾನು. ಕೆರೆ ಒಂದೇ ಆದ ಮೇಲೆ ಒಂದು ಮೂಲೆಯಲ್ಲಿ ಮಾತ್ರ ಮೀನು ನಿಲ್ಲುವುದು ಹೇಗೆ? ಇನ್ನು 'ರೋಮ' ಅಂದರೇನು? ಪಠ್ಯದಲ್ಲಿ ಲೋಮಾಂಗ ಎಂದಿದೆ." (ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು)

ಮೇಷ್ಟ್ರೇ, ನಮಸ್ಕಾರ.

ಸುಲಭದ್ದನ್ನು ಮೊದಲು ಮುಗಿಸುತ್ತೇನೆ. 'ರೋಮ' ನಮ್ಮ ತಪ್ಪು, ಲೋಮಾಂಗವೇ ಸರಿ. ಜೀವಕೋಶದ ಮೈಯಿಂದ ಕೂದಲಿನಂತೆ ಚಾಚಿರುವ ಭಾಗ ಅದು. ಆದರೂ ಇಲ್ಲಿ ಸಿಲಿಯಾ ಎಂದೇ ಬರೆಯುತ್ತೇನೆ. ಡಾಕ್ಟರ ಬಾಯಲ್ಲಿ ಕೇಳುವ ಪದ ಅದೇ.

ಕೆರೆಯ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಆ ಲೇಖನ ತಿದ್ದಿದವನು ನಾನೇ, ನನಗೆ ಈ ಅನುಮಾನ ಬರಲೇ ಇಲ್ಲ. ಒಂದು ವಾರ ಕೂತು ಓದಿದ ಮೇಲೆ ಹೇಳುತ್ತಿದ್ದೇನೆ: ನಮ್ಮ ರೈಲಿಗಿಂತ ನಿಮ್ಮ ಕೆರೆಯೇ ನಿಜಕ್ಕೆ ಹತ್ತಿರ.

ಕಣ್ಣಿನಿಂದ ಶುರು ಮಾಡೋಣ. ರೆಟಿನಾದ ದಂಡಕೋಶದ ತುದಿಯಲ್ಲಿ ಬೆಳಕು ಹಿಡಿಯುವ ಭಾಗ ಇದೆಯಲ್ಲ, ಅದು ಉಬ್ಬಿ ಬೆಳೆದ ಒಂದು ಸಿಲಿಯಾ. ಒಳಗೆ ತಟ್ಟೆ ಪೇರಿಸಿದ ಹಾಗೆ ನೂರಾರು ಪದರಗಳು, ಪದರದ ತುಂಬ ರೋಡಾಪ್ಸಿನ್ ಎಂಬ ಪ್ರೋಟೀನು. ಈ ತಟ್ಟೆಗಳು ಹಳೆಯದಾಗುತ್ತಾ ಹೋಗುತ್ತವೆ. ದಿನಕ್ಕೆ ಸುಮಾರು ಹತ್ತನೇ ಒಂದು ಪಾಲು ತುದಿಯಿಂದ ಉದುರುತ್ತದೆ, ಬುಡದಲ್ಲಿ ಹೊಸದು ಸೇರುತ್ತದೆ. ರಿಚರ್ಡ್ ಯಂಗ್ ಎಂಬ ವಿಜ್ಞಾನಿ ವಿಕಿರಣ ಸೂಸುವ ಅಮೈನೋ ಆಮ್ಲ ಕೊಟ್ಟು, ಹೊಸ ಪ್ರೋಟೀನಿನ ಪಟ್ಟಿ ಬುಡದಿಂದ ಮೇಲೇರುವುದನ್ನು 1967ರಲ್ಲಿ ತೋರಿಸಿದರು. ಸಿಲಿಯಾದೊಳಗೆ ಪ್ರೋಟೀನು ತಯಾರಿಸುವ ರೈಬೋಸೋಮ್ ಇಲ್ಲ. ಅಂದರೆ ಅಷ್ಟೂ ರೋಡಾಪ್ಸಿನ್ ಕೆಳಗೆ ತಯಾರಾಗಿ, ಒಂದು ಮೈಕ್ರೋಮೀಟರ್ ಅಗಲವೂ ಇಲ್ಲದ ಕುತ್ತಿಗೆ ದಾಟಿ ಬರಬೇಕು. ದಿನಾ.

ಎಲ್ಲಿಗೆ ಹೋಗಬೇಕೆಂಬ ವಿಳಾಸ ಪ್ರೋಟೀನಿನಲ್ಲಿ ಎಲ್ಲಿ ಬರೆದಿದೆ? ಬಾಲದಲ್ಲಿ. ಮನುಷ್ಯನ ರೋಡಾಪ್ಸಿನ್‌ನಲ್ಲಿ 348 ಅಮೈನೋ ಆಮ್ಲಗಳಿವೆ. ಕೊನೆಯ ನಾಲ್ಕು ವ್ಯಾಲಿನ್, ಅಲನಿನ್, ಪ್ರೋಲಿನ್, ಅಲನಿನ್. ಜೀವಕೋಶದೊಳಗೆ ಪ್ರೋಟೀನುಗಳನ್ನು ವಿಂಗಡಿಸಿ ಕಳಿಸುವ ಗಾಲ್ಗಿಯ ಹತ್ತಿರ ಆರ್ಫ್4 ಎಂಬ ಪ್ರೋಟೀನು ಈ ಬಾಲವನ್ನು ಗುರುತು ಹಿಡಿಯುತ್ತದೆ. ಪುಟ್ಟ ಚೀಲ ಕಟ್ಟುತ್ತದೆ. ರ‍್ಯಾಬ್11, ರ‍್ಯಾಬ್8 ಎಂಬ ಪ್ರೋಟೀನುಗಳು ಅದನ್ನು ಸಿಲಿಯಾದ ಬುಡಕ್ಕೆ ಮುಟ್ಟಿಸುತ್ತವೆ. 347ನೇ ಜಾಗದ ಪ್ರೋಲಿನ್ ಬದಲಾದ ಕುಟುಂಬಗಳಿವೆ. ಅವರಿಗೆ ಮೊದಲು ಇರುಳುಗುರುಡು, ಆಮೇಲೆ ನೋಟ ಸುತ್ತಲಿಂದ ಕಿರಿದಾಗುತ್ತಾ ಬರುತ್ತದೆ. 348ರಲ್ಲಿ ಒಂದು ಅಕ್ಷರ ತಪ್ಪಿದ್ದಕ್ಕೆ ಇಷ್ಟು.

ಚೀಲ ಸಿಲಿಯಾದೊಳಗೆ ನುಗ್ಗುವುದಿಲ್ಲ ಎಂಬುದನ್ನು ಗಮನಿಸಿ. ಬುಡದ ಹತ್ತಿರದ ಪೊರೆಗೆ ಸೇರಿಕೊಂಡು ಬಿಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಪ್ರೋಟೀನು ಪೊರೆಯಲ್ಲೇ ಜಾರಿಕೊಂಡು ಹೋಗಬೇಕು. ನಿಮ್ಮ ಕೆರೆಯ ಪ್ರಶ್ನೆ ಏಳುವುದು ಇಲ್ಲೇ.

ಕೆರೆ ಒಂದೇ, ನಿಜ. ಆದರೆ ಆ ಕುತ್ತಿಗೆಯಲ್ಲಿ ಬೇಲಿ ಇದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಂಗ್ಲಿಷಿನ ವೈ ಅಕ್ಷರದಂಥ ಕೊಂಡಿಗಳು ಒಳಗಿನ ಕೊಳವೆಗಳಿಂದ ಪೊರೆಯವರೆಗೆ ಚಾಚಿರುವುದು ಕಾಣುತ್ತದೆ. ಸಿಕ್ಕ ಪ್ರೋಟೀನೆಲ್ಲ ಸುಮ್ನೆ ತೇಲಿ ಒಳಗೆ ಹೋಗುವುದಕ್ಕೆ ಇದು ಬಿಡುವುದಿಲ್ಲ. ಬೇಲಿ ಕೆಟ್ಟರೆ, ಮಿದುಳಿನ ಬೆಳವಣಿಗೆ ತಪ್ಪುವ ಜೂಬರ್ಟ್ ಸಿಂಡ್ರೋಮಿನಂಥ ಕಾಯಿಲೆಗಳು ಬರುತ್ತವೆ.

ಬೇಲಿ ದಾಟಿಸುವವರೂ ಇದ್ದಾರೆ. ನನಗೆ ಜಾಸ್ತಿ ಇಷ್ಟವಾದದ್ದು ಟಲ್ಪ್3 ಎಂಬ ಪ್ರೋಟೀನು. ನರಕೋಶದ ಸಿಲಿಯಾಗೆ ಹೋಗಬೇಕಾದ ಕೆಲವು ರಿಸೆಪ್ಟರ್‌ಗಳನ್ನು (ಹೊರಗಿನ ಸಂಕೇತ ಹಿಡಿಯುವ ಪ್ರೋಟೀನುಗಳನ್ನು) ಇದು ಕರೆದೊಯ್ಯುತ್ತದೆ. ಬುಡದ ಪೊರೆಯಲ್ಲಿ ಪಿಐಪಿ2 ಎಂಬ ಕೊಬ್ಬು ಇದೆ. ಟಲ್ಪ್3 ಅದಕ್ಕೆ ಅಂಟಿಕೊಂಡಾಗ ಸರಕನ್ನು ಹಿಡಿಯುತ್ತದೆ. ಬೇಲಿಯೊಳಗೆ, ಸಿಲಿಯಾದ ಪೊರೆಯಲ್ಲಿ, ಒಂದು ಕಿಣ್ವ ಈ ಕೊಬ್ಬನ್ನು ಬೇರೆ ರೂಪಕ್ಕೆ ತಿರುಗಿಸುತ್ತಲೇ ಇರುತ್ತದೆ. ಅಂಟಲು ಜಾಗ ಸಿಗದೆ ಟಲ್ಪ್3 ಸರಕನ್ನು ಅಲ್ಲೇ ಬಿಡುತ್ತದೆ. ಹೊರಗೆ ಹಿಡಿ, ಒಳಗೆ ಬಿಡು, ಅಷ್ಟೇ. ಯಾರೂ ಆಜ್ಞೆ ಕೊಡಬೇಕಿಲ್ಲ.

ಎಲ್ಲವೂ ಚೀಲದಲ್ಲೇ ಬರಬೇಕೆಂದೂ ಇಲ್ಲ. ಸ್ಮೂತೆಂಡ್ ಎಂಬ ಪ್ರೋಟೀನು ಜೀವಕೋಶದ ಮೈಮೇಲಿನಿಂದ ಪಕ್ಕಕ್ಕೆ ಜಾರಿ ಸಿಲಿಯಾ ಸೇರುತ್ತದೆ ಎಂದು 2009ರಲ್ಲಿ ಕಂಡಿತು. ಇದು ನೇರವಾಗಿ ನಿಮ್ಮ ಕೆರೆಯೇ ಅಲ್ವಾ?

ಹಾಗಾದರೆ ರೈಲು ಸುಳ್ಳೇ? ಸುಳ್ಳಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿ ಕ್ಲಾಮಿಡೊಮೊನಾಸ್ ಪಾಚಿಯ ಕಶಾಂಗದಲ್ಲಿ (ಅದೂ ಸಿಲಿಯಾದ ಜಾತಿಯದೇ) ಕಣಗಳು ಮೇಲೆ ಕೆಳಗೆ ಓಡುವುದನ್ನು 1993ರಲ್ಲಿ ಕಂಡರು. (ಕೆರೆ ನೀರಿನಲ್ಲಿ ಬೆಳೆಯುವ ಪಾಚಿಯೇ ಅದು.) ನಾವು ರೈಲು ಎಂದದ್ದು ಇದನ್ನೇ. ಏರುವಾಗ ಎಳೆಯುವುದು ಕೈನೆಸಿನ್ ಎಂಬ ಮೋಟಾರು ಪ್ರೋಟೀನು, ಇಳಿಯುವಾಗ ಡೈನೀನ್ ಎಂಬುದು. ಸಿಲಿಯಾ ಕಟ್ಟುವುದಕ್ಕೆ ಈ ಓಡಾಟ ಬೇಕೇ ಬೇಕು. ಆದರೆ ಪೊರೆಯ ರಿಸೆಪ್ಟರ್‌ಗಳನ್ನು ಒಂದೊಂದಾಗಿ ಹಿಂಬಾಲಿಸಿ ನೋಡಿದಾಗ, ಅವು ಹೆಚ್ಚು ಹೊತ್ತು ತಮ್ಮಷ್ಟಕ್ಕೆ ತೇಲಾಡುತ್ತಿದ್ದವು. ರೈಲು ಹತ್ತಿದ್ದು ಅಪರೂಪ. ನಮ್ಮ ಲೇಖನ ಎಲ್ಲವನ್ನೂ ರೈಲಿಗೆ ಹತ್ತಿಸಿಬಿಟ್ಟಿತ್ತು.

ನೀವು ಹಿಡಿಯದ ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಬಿಬಿಸೋಮ್ ಎಂಬ ಎಂಟು ಪ್ರೋಟೀನುಗಳ ಗುಂಪು "ಸರಕನ್ನು ಒಳಗೆ ತರುತ್ತದೆ" ಎಂದಷ್ಟೇ ಬರೆದಿದ್ದೆವು. ಮೊದಮೊದಲು ತಿಳಿದವರೂ ಹಾಗೇ ಅಂದುಕೊಂಡಿದ್ದರು. ಈಗ ಅದರ ಮುಖ್ಯ ಕೆಲಸ ಹೊರಗೆ ಹಾಕುವುದು ಎಂದು ಗೊತ್ತಾಗಿದೆ. ಕೆಲಸ ಮುಗಿದ ರಿಸೆಪ್ಟರ್‌ಗೆ ಯುಬಿಕ್ವಿಟಿನ್ ಎಂಬ ಗುರುತು ಬೀಳುತ್ತದೆ. ಬಿಬಿಸೋಮ್ ಅದನ್ನು ನೋಡಿ, ಇಳಿಯುವ ರೈಲಿಗೆ ಕಟ್ಟಿ ಬೇಲಿಯಾಚೆ ದಾಟಿಸುತ್ತದೆ. ಈ ಗುಂಪು ಕೆಟ್ಟಾಗ ಬರುವುದು ಬಾರ್ಡೆಟ್-ಬೀಡಲ್ ಸಿಂಡ್ರೋಮ್: ಕಣ್ಣು ಮಂಜಾಗುತ್ತದೆ, ಮೈ ದಪ್ಪವಾಗುತ್ತದೆ, ಕೆಲವರಿಗೆ ಹುಟ್ಟುವಾಗಲೇ ಆರನೇ ಬೆರಳು, ಮೂತ್ರಪಿಂಡದ ತೊಂದರೆ. ಬಿಬಿಸೋಮ್ ಕೆಲಸ ಕೆಟ್ಟ ಇಲಿಗಳ ಕಣ್ಣನ್ನು 2015ರಲ್ಲಿ ನೋಡಿದಾಗ, ರೋಡಾಪ್ಸಿನ್ ತುಂಬಿದ ಆ ತಟ್ಟೆಗಳ ಜಾಗದಲ್ಲಿ ಇರಬಾರದ ಪ್ರೋಟೀನುಗಳು ರಾಶಿ ಬಿದ್ದಿದ್ದವು. ಬೇಲಿ ಎಷ್ಟೇ ಗಟ್ಟಿಯಾಗಿದ್ದರೂ ತಪ್ಪಿಸಿಕೊಂಡು ಬರುವ ಮೀನು ಇದ್ದೇ ಇರುತ್ತದೆ, ಅದನ್ನು ದಿನಾ ಹಿಡಿದು ಆಚೆ ಬಿಡುವವರು ಬೇಕು. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇದೇ ಅನ್ನಿಸುತ್ತದೆ ನನಗೆ.

ಮುಂದಿನ ಸಂಚಿಕೆಯಲ್ಲಿ ಚಿತ್ರ ತಿದ್ದಿ ಹಾಕುತ್ತೇವೆ. ಬುಡದಲ್ಲಿ ಬೇಲಿ ಇರುತ್ತದೆ, ಬಾಣಗಳು ಎರಡೂ ಕಡೆಗೆ ಇರುತ್ತವೆ. ಅಚ್ಚಿಗೆ ಹೋಗುವ ಮೊದಲು ಒಂದು ಪ್ರತಿ ನಿಮಗೆ ಕಳಿಸುತ್ತೇನೆ, ಕೆಂಪು ಪೆನ್ನು ಹಿಡಿದುಕೊಂಡೇ ನೋಡಿ.

– ಸಂಪಾದಕ