ಆನ್‌ಲೈನ್ ಕಿರುಕುಳಕ್ಕೆ ಸಿಕ್ಕ ಗೆಳತಿಯ ಬಗ್ಗೆ ಡಾಕ್ಯುಮೆಂಟರಿ ಮಾಡ್ತಿದ್ದೇವೆ, ಕ್ರೌಡ್‌ಫಂಡಿಂಗ್ ಹೇಗೆ ಮಾಡೋದು?

ಕಾಲೇಜು ಪ್ರಾಜೆಕ್ಟು, ಕೊಡಗಿನ ಹುಡುಗಿ, ಮೂರು ಲಕ್ಷ ಬೇಕು, ಯಾವ ಸೈಟು ಒಳ್ಳೆಯದು, ಜನರ ಮನಸ್ಸು ಕರಗುವ ಹಾಗೆ ಅವಳ ಕಥೆ ಬರೆಯೋದು ಹೇಗೆ. ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. 2022ರ ಡಿಸೆಂಬರಿನಲ್ಲಿ ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ. ನಮ್ಮದು ಎರಡೂವರೆ ಲಕ್ಷ, ಅಷ್ಟೇ ವ್ಯತ್ಯಾಸ.

ಆಗ ನಾನು ಪತ್ರಿಕೋದ್ಯಮದಲ್ಲಿ ಕೊನೆಯ ವರ್ಷ. ನಾವು ನಾಲ್ಕು ಜನ ಇದ್ದೆವು. ಸಿನಿಮಾ ನನಗಿಂತ ಮೂರು ವರ್ಷ ದೊಡ್ಡವಳಾದ ಒಬ್ಬ ಅಕ್ಕನ ಬಗ್ಗೆ. ಹೆಸರು ಬೇಡ, ಊರೂ ಬೇಡ. ಅವರ ತೋಟದ ಪಕ್ಕದ ತೋಡಿಗೆ ಪ್ರವಾಸಿಗರು ಬಿಯರ್ ಬಾಟಲಿ ಎಸೆದು ಹೋಗೋದನ್ನು ಅವಳು ವಿಡಿಯೋ ಮಾಡಿ ಹಾಕಿದ್ದಳು. ಖಾತೆಯಲ್ಲಿ ಇದ್ದದ್ದು ಮುದ್ದಿನ ಹೆಸರು ಮಾತ್ರ. ಯಾರೋ ಅದರಲ್ಲಿ ಹನ್ನೊಂದು ಸೆಕೆಂಡು ಕತ್ತರಿಸಿ, ಬಯಲುಸೀಮೆಯವರನ್ನೆಲ್ಲ ಬೈಯುತ್ತಿದ್ದಾಳೆ ಅಂತ ಹಂಚಿದರು. ಎರಡೇ ದಿನದಲ್ಲಿ ಅವಳ ನಂಬರು ಗ್ರೂಪಿನಿಂದ ಗ್ರೂಪಿಗೆ ಹೋಯಿತು. ಆಮೇಲೆ ಅವಳಿಗೆ ಬಂದ ಮೆಸೇಜುಗಳನ್ನು ನಾನು ಇಲ್ಲಿ ಬರೆಯೋದಿಲ್ಲ.

ನಾನು ಮೊದಲ ಸಲ ಮಾತಾಡಿಸಲು ಹೋದಾಗ ಅವಳ ಫೋನು ಅಡುಗೆಮನೆಯ ಅಕ್ಕಿ ಡಬ್ಬಿಯೊಳಗೆ ಇತ್ತು. ಮುಚ್ಚಳ ಹಾಕಿತ್ತು. ಮೇಜಿನ ಮೇಲಿಟ್ಟರೆ ಗುರ್ರ್ ಅಂತ ಅಲುಗಾಡುವ ಸದ್ದಿಗೆ ಅವಳ ಕೈಕಾಲು ನಡುಗುತ್ತಿತ್ತಂತೆ. ಅಪ್ಪನಿಗೆ ಮೈಸೂರಿನಲ್ಲಿ ಆಪರೇಷನ್ ಆಗಿದ್ದರಿಂದ ಪೂರ್ತಿ ಆಫ್ ಮಾಡುವ ಹಾಗೂ ಇರಲಿಲ್ಲ. ಅಕ್ಕಿಯೊಳಗೆ ಹೂತಿಟ್ಟರೆ ಸದ್ದು ಕೇಳೋದಿಲ್ಲ, ಗಂಟೆಗೊಮ್ಮೆ ತೆಗೆದು ನೋಡಬಹುದು. ನಂಬರು ಬದಲಾಯಿಸಿ, ಖಾತೆ ಮುಚ್ಚಿ, ಗಲಾಟೆ ತಣ್ಣಗಾಗಿ ತಿಂಗಳುಗಳಾದ ಮೇಲೂ ಆ ಅಭ್ಯಾಸ ಹೋಗಿರಲಿಲ್ಲ.

ತಣ್ಣಗಾಗಿತ್ತು ಅನ್ನೋದನ್ನು ಗಮನಿಸಿ. ಅದನ್ನು ಮತ್ತೆ ಹೊತ್ತಿಸಿದ್ದು ನಾವು.

ನಾವು ಹುಷಾರಾಗಿಯೇ ಇದ್ದೆವು ಅಂದುಕೊಂಡಿದ್ದೆವು. ಹೆಸರು ಬದಲಾಯಿಸಿದ್ದೆವು. ಟೀಸರಿನಲ್ಲಿ ಮುಖ ಕತ್ತಲಲ್ಲಿತ್ತು, ದನಿ ಬದಲಾಯಿಸಿದ್ದೆವು. ಹಿನ್ನೆಲೆಯಲ್ಲಿ ಕಾಫಿ ಕಣ ಇತ್ತು, ಆದರೆ ಕೊಡಗಿನಲ್ಲಿ ಕಣ ಇಲ್ಲದ ಮನೆ ಯಾವುದಿದೆ? ಅಕ್ಕನಿಗೆ ತೋರಿಸಿ ಒಪ್ಪಿಗೆಯನ್ನೂ ಬರೆಸಿಕೊಂಡಿದ್ದೆವು. ಪುತ್ತರಿ ಹಬ್ಬ ಮುಗಿದ ವಾರ ಆನ್‌ಲೈನಿನಲ್ಲಿ ದುಡ್ಡು ಕೇಳುವ ಪೇಜು ಶುರು ಮಾಡಿದೆವು.

ತಪ್ಪಾಗಿದ್ದು ದುಡ್ಡು ಕೊಟ್ಟವರ ಪಟ್ಟಿಯಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಾವ ಗೈಡಿನಲ್ಲೂ ಇದು ಇರೋದಿಲ್ಲ. ಕ್ರೌಡ್‌ಫಂಡಿಂಗ್ ಬಗ್ಗೆ ಏನೇ ಓದಿದರೂ ಮೊದಲ ಪಾಠ ಒಂದೇ: ಖಾಲಿ ಪೇಜಿಗೆ ಅಪರಿಚಿತರು ದುಡ್ಡು ಹಾಕೋದಿಲ್ಲ, ಮೊದಲ ಮೂರ್ನಾಲ್ಕು ದಿನ ನಿಮ್ಮವರಿಂದಲೇ ಹಾಕಿಸಿ. ಅದು ನಿಜ ಕೂಡ. ಹಾಗಾಗಿ ಲಿಂಕನ್ನು ನಾನೇ ನನ್ನ ಕೈಯಾರೆ ಅಕ್ಕನ ಕುಟುಂಬದ ಗ್ರೂಪಿಗೆ ಕಳಿಸಿದೆ. ಪಾಪ, ಎಲ್ಲರೂ ಪ್ರೀತಿಯಿಂದ ಹಾಕಿದರು. ನಾವು ಬಳಸಿದ ಸೈಟಿನಲ್ಲಿ ಕೊಟ್ಟವರ ಹೆಸರು ತಾನಾಗಿಯೇ ಪೇಜಿನಲ್ಲಿ ಕಾಣುತ್ತಿತ್ತು. ಹೆಸರು ಬೇಡ ಅಂದರೆ ಕೊಡುವವರೇ ಒಂದು ಸಣ್ಣ ಚೌಕಕ್ಕೆ ಟಿಕ್ ಹಾಕಬೇಕು. ಯುಪಿಐನಲ್ಲಿ ಐನೂರು ಹಾಕುವ ಚಿಕ್ಕಮ್ಮನಿಗೆ ಆ ಚೌಕ ಎಲ್ಲಿ ಕಾಣುತ್ತದೆ? ಮೊದಲ ಹನ್ನೆರಡು ಜನರಲ್ಲಿ ನಾಲ್ವರದು ಒಂದೇ ಮನೆಹೆಸರು. ಒಬ್ಬರು ಕೆಳಗೆ ಬರೆದಿದ್ದರು: 'ನಮ್ಮ ಮನೆ ಹುಡುಗಿ, ಧೈರ್ಯವಾಗಿರು.'

ಬೇರೆ ಊರಿನಲ್ಲಾದರೆ ಇದು ದೊಡ್ಡ ವಿಷಯ ಆಗುತ್ತಿರಲಿಲ್ಲವೇನೋ. ಕೊಡವರಲ್ಲಿ ಮನೆತನದ ಹೆಸರು ಮೊದಲು, ನಮ್ಮ ಹೆಸರು ಆಮೇಲೆ. ಮನೆಹೆಸರು ಹೇಳಿದರೆ ಯಾವ ನಾಡು, ಯಾವ ಊರು, ಐನ್‌ಮನೆ, ಅಂದರೆ ಮನೆತನದ ಮೂಲ ಮನೆ, ಎಲ್ಲಿ ಅಂತ ಬಸ್ಸಿನಲ್ಲಿ ಪಕ್ಕ ಕೂತವರೂ ಹೇಳುತ್ತಾರೆ. 1997ರಲ್ಲಿ ಕೊಡಗಿನ ಕರಡ ಊರಿನಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಹಾಕಿ ಹಬ್ಬದಲ್ಲಿ ತಂಡಗಳು ಆಡೋದೇ ಮನೆತನದ ಹೆಸರಿನಲ್ಲಿ. ನಮ್ಮಲ್ಲಿ ಮನೆಹೆಸರು ಅಂದರೆ ವಿಳಾಸ. ಮುಖ ಮುಚ್ಚಿ ವಿಳಾಸ ಹಂಚಿದೆವು.

ಶನಿವಾರ ರಾತ್ರಿ ಯಾರೋ ಆ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು ಹಳೆಯ ವಿಡಿಯೋ ಜೊತೆ ಹಾಕಿದರು. ಪಟ್ಟಿ ತೆಗೆಯಿರಿ ಅಂತ ಸೈಟಿನವರಿಗೆ ಮೇಲ್ ಮಾಡಿದೆ. ಉತ್ತರ ಬಂದದ್ದು ಸೋಮವಾರ. ಅಷ್ಟರಲ್ಲಿ ಅವಳ ಅಪ್ಪನ ಹೋಂಸ್ಟೇಗೆ ಗೂಗಲ್ ಮ್ಯಾಪಿನಲ್ಲಿ ಒಂದು ರಾತ್ರಿಯಲ್ಲಿ ನಲವತ್ತಕ್ಕೂ ಜಾಸ್ತಿ ಒಂದು ಸ್ಟಾರ್ ರಿವ್ಯೂ ಬಿದ್ದಿತ್ತು. ಒಬ್ಬರೂ ಅಲ್ಲಿ ತಂಗಿದವರಲ್ಲ. ಭಾನುವಾರ ರಾತ್ರಿ ಒಂದು ಕಾರು ಗೇಟಿನ ಹತ್ತಿರ ನಿಂತು ಹಾರ್ನ್ ಹೊಡೆದು ಹೋಯಿತು. ಹಿಂದಿನ ಗಲಾಟೆ ಫೋನಿನೊಳಗೆ ಇತ್ತು. ಈ ಸಲ ಅದು ಮನೆ ಬಾಗಿಲಿಗೆ ಬಂತು.

ನಿಲ್ಲಿಸಿಬಿಡೋಣ ಅಕ್ಕ ಅಂದೆ. ಅವಳು ಕೇಳಿದ್ದು, "ದುಡ್ಡು ಕೊಟ್ಟವರಿಗೆ ಏನು ಹೇಳ್ತೀಯ?"

ನಾನು ಮತ್ತೆ ಮತ್ತೆ ನೆನಪಿಸಿಕೊಳ್ಳುವ ಮಾತು ಅದು. ಅವಳ ಒಪ್ಪಿಗೆ ಪತ್ರದಲ್ಲಿ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಅಂತ ಬರೆದಿತ್ತು. ಅರವತ್ತೊಂದು ಸಾವಿರ ಬಂದ ಮೇಲೆ ಆ ಸಾಲಿಗೆ ಬೆಲೆ ಇರಲಿಲ್ಲ. ಅವಳ ಪ್ರಕಾರ ಆ ಹಣ ಅವಳ ತಲೆ ಮೇಲಿನ ಸಾಲ. ಮೂರು ದಿನ ಬಿಟ್ಟು, ಊದಿಕೊಂಡ ಕಣ್ಣಿನಲ್ಲೇ ಕ್ಯಾಮೆರಾ ಮುಂದೆ ಬಂದು ಕೂತಳು. ನಾನು ಶೂಟ್ ಮಾಡಿದೆ. ಹೌದು, ಮಾಡಿದೆ. ಅರ್ಧದಲ್ಲಿ ಅವಳ ಅಮ್ಮ ಕಾಫಿ ಲೋಟ ಹಿಡಿದು ಬಂದು ಮಗಳಿಗೂ ಕ್ಯಾಮೆರಾಗೂ ನಡುವೆ ನಿಂತರು. ಒಂದು ಮಾತೂ ಆಡಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ಫ್ರೇಮಿನ ತುಂಬ ಅವರ ಸೀರೆ ಮಾತ್ರ ಕಾಣುತ್ತಿತ್ತು. ಆಗ ಕ್ಯಾಮೆರಾ ಆಫ್ ಮಾಡಿದೆ.

ಎಲ್ಲರಿಗೂ ದುಡ್ಡು ವಾಪಸ್ ಕೊಟ್ಟೆವು. ಸೈಟಿನ ಕಮಿಷನ್ನು, ಪೇಮೆಂಟ್ ಗೇಟ್‌ವೇ ಖರ್ಚು, ಅದರ ಮೇಲಿನ ಜಿಎಸ್‌ಟಿ ವಾಪಸ್ ಬರಲಿಲ್ಲ, ಅದನ್ನು ನಾವು ನಾಲ್ವರೂ ಕೈಯಿಂದ ಹಾಕಿದೆವು.

ಈಗ ನಿಮ್ಮ ವಿಷಯ. ಯಾವ ಸೈಟು ಅಂತ ನಾನು ಹೇಳೋದಿಲ್ಲ. ಈ ಸಿನಿಮಾಕ್ಕೆ ಕ್ರೌಡ್‌ಫಂಡಿಂಗ್ ಮಾಡಬೇಡಿ.

ಲೂಸಿಯಾ ಸಿನಿಮಾ ಜನರ ದುಡ್ಡಿನಲ್ಲೇ ಬಂತಲ್ವಾ ಅಂತ ನೀವು ಬರೆದಿದ್ದೀರಿ. ಬಂತು, 2013ರಲ್ಲಿ. ಅದು ಕಟ್ಟಿದ ಕಥೆ, ಅದರ ಪಾತ್ರಗಳ ಮನೆ ಗೇಟಿಗೆ ಯಾರೂ ಹೋಗೋದಿಲ್ಲ. ನಾವು ಆಗ ಹುರುಪು ಪಟ್ಟಿದ್ದು ಇನ್ನೊಂದು ಉದಾಹರಣೆ ನೋಡಿ. 2012ರಲ್ಲಿ ಅನಿತಾ ಸರ್ಕೀಸಿಯನ್ ಅನ್ನುವವರು, ವಿಡಿಯೋ ಗೇಮ್‌ಗಳಲ್ಲಿ ಹೆಣ್ಣನ್ನು ತೋರಿಸುವ ರೀತಿಯ ಬಗ್ಗೆ ವಿಡಿಯೋ ಮಾಡಲು ಕಿಕ್‌ಸ್ಟಾರ್ಟರ್ ಅನ್ನುವ ಕ್ರೌಡ್‌ಫಂಡಿಂಗ್ ಸೈಟಿನಲ್ಲಿ 6,000 ಡಾಲರ್ ಕೇಳಿದರು. ಆ ಪೇಜು ನೋಡಿಯೇ ಒಂದು ದೊಡ್ಡ ಗುಂಪು ಅವರ ಮೇಲೆ ಬಿತ್ತು. ಕೊನೆಗೆ 1,58,000 ಡಾಲರ್‌ಗೂ ಜಾಸ್ತಿ ಬಂತು. ಕಿರುಕುಳ ಜಾಸ್ತಿಯಾದರೆ ಬೆಂಬಲವೂ ಜಾಸ್ತಿ ಅಂತ ನಾವು ಓದಿಕೊಂಡೆವು. ಓದಬೇಕಿದ್ದದ್ದು ಬೇರೆ: ದುಡ್ಡು ಕೇಳುವ ಪೇಜೇ ಕಲ್ಲು ಹೊಡೆಯುವವರಿಗೆ ಗುರಿ ತೋರಿಸುತ್ತದೆ. ಅದೂ ಅಲ್ಲದೆ ಅವರು ಕೇಳಿದ್ದು ತಮ್ಮ ಕೆಲಸಕ್ಕೆ, ತಮ್ಮ ತೀರ್ಮಾನದಿಂದ. ನೀವು ಕೇಳುತ್ತಿರೋದು ಇನ್ನೊಬ್ಬಳ ನೋವು ತೋರಿಸಿ. ಜನರ ಮನಸ್ಸು ಕರಗಬೇಕು ಅಂದರೆ ನೀವು ಗಾಯವನ್ನೇ ಮುಂದಿಡಬೇಕು, ದಿನಾ ಅಪ್‌ಡೇಟ್ ಹಾಕಬೇಕು. ಅವಳು ಮರೆಯಲು ನೋಡುತ್ತಿರುವ ದಿನಗಳಲ್ಲಿ!

ಮೂರು ಲಕ್ಷ ಯಾಕೆ ಬೇಕು? ಇಪ್ಪತ್ತು ನಿಮಿಷದ ಸಿನಿಮಾ, ಒಂದೇ ಜಿಲ್ಲೆ, ಒಂದೇ ಮನೆ. ಕಾಲೇಜಿನ ಕ್ಯಾಮೆರಾ ಸಾಕು. ಡ್ರೋನ್ ಬೇಡವೇ ಬೇಡ, ಮೇಲಿನಿಂದ ತೋಟ ತೋರಿಸಿದರೆ ಅದೂ ವಿಳಾಸವೇ. ಖರ್ಚು ಬರೋದು ದನಿ ರೆಕಾರ್ಡ್ ಮಾಡೋದಕ್ಕೆ ಮತ್ತು ಓಡಾಟಕ್ಕೆ. ಅದಕ್ಕೆ ಗೊತ್ತಿರುವ ನಾಲ್ಕೈದು ಜನರ ಹತ್ತಿರ ನೇರವಾಗಿ ಕೇಳಿ, ಸಿನಿಮಾ ಆಗದೆಯೂ ಇರಬಹುದು ಅಂತ ಮೊದಲೇ ಹೇಳಿ. ಇನ್ನೊಂದು, ನಿಮ್ಮ ಸ್ವಂತ ಖಾತೆಗೆ ನೆಂಟರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ 50,000 ದಾಟಿ ಬಂದರೆ ಅಷ್ಟೂ ಆದಾಯದ ಲೆಕ್ಕಕ್ಕೆ ಸೇರುತ್ತದೆ. ಇದನ್ನೂ ನಮಗೆ ಯಾರೂ ಹೇಳಿರಲಿಲ್ಲ.

ನಿಮ್ಮ ಗೆಳತಿಗೆ ಈಗಲೂ ಮೆಸೇಜು ಬರುತ್ತಿದೆ ಅಂತ ಬರೆದಿದ್ದೀರಿ. ಹಾಗಾದರೆ ಸಿನಿಮಾಕ್ಕಿಂತ ಮೊದಲು ಅವಳ ಜೊತೆ ಮಡಿಕೇರಿಯ ಸೆನ್ ಠಾಣೆಗೆ, ಅಂದರೆ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಗೆ ಹೋಗಿ. ಹೆಣ್ಣಿನ ಬೆನ್ನು ಬಿದ್ದು ಕಾಡೋದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿಗೆ ಬರುತ್ತದೆ, ಅವಳು ಇಂಟರ್ನೆಟ್ಟಿನಲ್ಲಿ ಏನು ಮಾಡುತ್ತಾಳೆ ಅಂತ ಹಿಂದೆ ಬಿದ್ದು ನೋಡೋದೂ ಸೇರಿ. ಸ್ಕ್ರೀನ್‌ಶಾಟಿನಲ್ಲಿ ದಿನಾಂಕ, ಲಿಂಕು ಕಾಣಲಿ. ಮೂಲ ಮೆಸೇಜು ಅಳಿಸಬೇಡಿ.

ನಮ್ಮ ಹಾರ್ಡ್ ಡಿಸ್ಕ್ ಅಕ್ಕನ ಮನೆಯಲ್ಲಿದೆ. ಕಾಪಿ ಇಟ್ಟುಕೊಂಡಿಲ್ಲ. ಹೋದ ವರ್ಷ ಕೈಲ್‌ಪೊಳ್ದ್ ಹಬ್ಬಕ್ಕೆ ಹೋದಾಗ ಅವಳ ಫೋನು ಮೇಜಿನ ಮೇಲೆಯೇ ಇತ್ತು. ಸಿನಿಮಾ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಿಮ್ಮ ಗೆಳತಿ ಎಲ್ಲ ತಿಳಿದೂ ಸಿನಿಮಾ ಬೇಕು ಅಂದರೆ ನನಗೆ ಮೆಸೇಜ್ ಮಾಡಿ. ನನ್ನ ಹತ್ತಿರ ಎರಡು ಕಾಲರ್ ಮೈಕು, ಒಂದು ರೆಕಾರ್ಡರ್ ಇದೆ. ಬಾಡಿಗೆ ಏನೂ ಬೇಡ, ಗೋಣಿಕೊಪ್ಪಕ್ಕೆ ಬಂದು ತೆಗೆದುಕೊಂಡು ಹೋಗಿ.