ಮೇಲಿನ ಮನೆಯಿಂದ ನಮ್ಮ ಸೀಲಿಂಗ್‌ಗೆ ನೀರು ಇಳಿಯುತ್ತಿದೆ. ಯಾವ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದರೆ ನಿಲ್ಲುತ್ತದೆ?

ಯಾವ ಪೇಂಟ್ ಹೊಡೆಸಿದರೂ ನಿಲ್ಲುವುದಿಲ್ಲ. ಬೆಡ್‌ರೂಮ್ ಸೀಲಿಂಗ್‌ನಲ್ಲಿ ಬಾತ್‌ರೂಮ್ ಕಡೆಯ ಮೂಲೆ, ಮೊದಲು ಹಳದಿ ಕಲೆ, ಆಮೇಲೆ ಬಣ್ಣ ಉಬ್ಬಿ ಬಿಳಿ ಪುಡಿ ಉದುರುವುದು, ಮೇಲಿನವರು "ನಮ್ಮ ಬಾತ್‌ರೂಮ್ ಸರಿಯಾಗೇ ಇದೆ" ಅನ್ನುವುದು. ನೀವು ಬರೆದದ್ದೆಲ್ಲಾ ನಾವು ಅನುಭವಿಸಿದ್ದೇ.

ನಮ್ಮದು ಬೆಂಗಳೂರಿನ ಬನಶಂಕರಿ ಕಡೆ, ನಾಲ್ಕು ಮಹಡಿಯ ಹಳೇ ಅಪಾರ್ಟ್‌ಮೆಂಟ್. ನಾವು ಎರಡನೇ ಮಹಡಿ. ಮೇಲೆ ರಿಟೈರ್ ಆದ ಅಂಕಲ್, ಆಂಟಿ. ಒಳ್ಳೆಯ ಜನ. ಕಲೆ ಇದೆ ಅಂದ ದಿನವೇ ಅಂಕಲ್ ಟಾರ್ಚ್ ಹಿಡಿದು ಕೆಳಗೆ ಬಂದು ನೋಡಿದರು. ಅಷ್ಟರಲ್ಲಿ ಅವರ ಮಗಳ ಬಾಣಂತನ ಬಂತು. ಇಬ್ಬರೂ ಅಮೆರಿಕಕ್ಕೆ ಹೋಗಿ ಕೆಲವು ತಿಂಗಳು ಅಲ್ಲೇ ಇದ್ದರು. ನಮ್ಮ ಸೀಲಿಂಗ್ ನಿಧಾನಕ್ಕೆ ಒಣಗಿತು. ಅವರು ವಾಪಸ್ ಬಂದ ಮೇಲೆ ಕಲೆ ಮತ್ತೆ ಒದ್ದೆಯಾಯಿತು.

ಇದಕ್ಕಿಂತ ಸಾಕ್ಷಿ ಬೇಕಾ ಅಂದುಕೊಂಡೆವು. ಬಾತ್‌ರೂಮ್ ಬಳಸದಿದ್ದಾಗ ಸೋರಲಿಲ್ಲ, ಬಳಸಿದಾಗ ಸೋರಿತು. ಗಾರೆ ಮೇಸ್ತ್ರಿಯೂ ಅದನ್ನೇ ಹೇಳಿದರು. ಬಾತ್‌ರೂಮ್ ಕೆಳಗಿನ ಸ್ಲ್ಯಾಬನ್ನು ಸುಮಾರು ಒಂದು ಅಡಿ ತಗ್ಗಿಸಿ, ಅದರಲ್ಲಿ ಪೈಪ್ ಹಾಕಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಹಾಕಿರುತ್ತಾರೆ ಅಲ್ವಾ, ಅದನ್ನು ಪೂರ್ತಿ ಒಡೆಸಿದೆವು. ಒಳಗೆ ತುಂಬಿದ್ದೆಲ್ಲಾ ನೆಂದು ತೊಪ್ಪೆಯಾಗಿತ್ತು. ಅದನ್ನು ನೋಡಿದ ಮೇಲಂತೂ ಯಾರಿಗೂ ಅನುಮಾನ ಉಳಿಯಲಿಲ್ಲ. ಹೊಸ ವಾಟರ್‌ಪ್ರೂಫಿಂಗ್, ಬಚ್ಚಲ ನೀರು ಹೊರಗೆ ಹೋಗುವ ಬಾಯಿಗೆ ಹೊಸ ನಹಾನಿ ಟ್ರ್ಯಾಪ್, ಹೊಸ ಟೈಲ್ಸ್. ಖರ್ಚು ಲಕ್ಷ ದಾಟಿತು. ಕೆಲಸ ಮುಗಿಯುವವರೆಗೆ ಮಂಡಿನೋವಿನ ಆಂಟಿ ಇನ್ನೊಂದು ಬಾತ್‌ರೂಮ್‌ನ ಇಂಡಿಯನ್ ಟಾಯ್ಲೆಟ್‌ನಲ್ಲೇ ಕಷ್ಟಪಟ್ಟರು. ದುಡ್ಡಿಗಿಂತ ಅದು ಇವತ್ತಿಗೂ ನನ್ನ ಮನಸ್ಸಿಗೆ ನೋವು.

ಆಮೇಲೆ ನಮ್ಮ ಪ್ಯಾಸೇಜ್‌ನ ಸೀಲಿಂಗ್ ಒದ್ದೆಯಾಯಿತು. ಮೊದಲು ಅಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

ಎಲ್ಲಿ ತಪ್ಪಿದೆವು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಯಾಕೆಂದರೆ ನೀವೂ ಬರೆದಿದ್ದೀರಿ, ಹಬ್ಬಕ್ಕೆ ಮೇಲಿನವರು ಊರಿಗೆ ಹೋದಾಗ ಸೋರುವುದು ಕಡಿಮೆಯಾಯಿತು, ಹಾಗಾಗಿ ಅವರ ಬಾತ್‌ರೂಮೇ ಕಾರಣ ಅಂತ. ಅಂಕಲ್ ಅಮೆರಿಕಕ್ಕೆ ಹೊರಡುವಾಗ, ಪೈಪ್‌ಗಳು ಇಳಿಯುವ ಡಕ್ಟ್‌ನಲ್ಲಿರುವ ಮೇನ್ ವಾಲ್ವ್ ಮುಚ್ಚಿ ಹೋಗಿದ್ದರು. ಅಂದರೆ ಆ ತಿಂಗಳುಗಳಲ್ಲಿ ಒಂದಲ್ಲ, ಎರಡು ಬದಲಾಗಿದ್ದವು. ಬಾತ್‌ರೂಮ್ ನೆಲದ ಮೇಲೆ ನೀರು ಬೀಳುವುದು ನಿಂತಿತ್ತು. ಜೊತೆಗೆ ಮನೆಯ ಎಲ್ಲಾ ಪೈಪ್‌ಗಳಿಗೂ ನೀರು ನಿಂತಿತ್ತು. ನಾವು ಮೊದಲನೆಯದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆವು.

ಟ್ಯಾಂಕ್‌ನಿಂದ ನಲ್ಲಿಗೆ ಬರುವ ಪೈಪ್‌ನಲ್ಲಿ ಯಾವಾಗಲೂ ಒತ್ತಡ ಇರುತ್ತದೆ. 10 ಮೀಟರ್ ಎತ್ತರದ ನೀರು ಅಂದರೆ ಒಂದು ಚದರ ಸೆಂಟಿಮೀಟರ್‌ಗೆ ಹತ್ತಿರ ಹತ್ತಿರ ಒಂದು ಕೆಜಿ ಪ್ರೆಶರ್. ಅಂಥ ಪೈಪ್‌ನಲ್ಲಿ ಕೂದಲೆಳೆಯ ಬಿರುಕಿದ್ದರೂ ಹಗಲು ರಾತ್ರಿ ಜಿನುಗುತ್ತಲೇ ಇರುತ್ತದೆ. ಯಾರೂ ನಲ್ಲಿ ತಿರುಗಿಸಬೇಕಿಲ್ಲ. ಬಚ್ಚಲಿನಿಂದ ಹೊರಗೆ ಹೋಗುವ ಕೊಳವೆ ಹಾಗಲ್ಲ. ಸ್ನಾನ ಮಾಡಿದಾಗ, ಬಟ್ಟೆ ಒಗೆದಾಗ ಮಾತ್ರ ಅದರಲ್ಲಿ ನೀರು. ಮೂರನೆಯದು ಮಳೆ ನೀರು, ಗೋಡೆ ಬಿರುಕಿನಿಂದಲೋ ಕಿಟಕಿ ಸಂದಿಯಿಂದಲೋ ಬರುವುದು. ಈಗ ಮಳೆ ಇಲ್ಲದ ದಿನಗಳನ್ನು ನೋಡಿ: ಮನೆ ಖಾಲಿ, ವಾಲ್ವ್ ತೆರೆದಿದೆ, ಆದರೂ ಸೋರುತ್ತಿದೆ ಅಂದರೆ ಸೋರುತ್ತಿರುವುದು ಒತ್ತಡದ ಪೈಪ್. ಮನೆ ಖಾಲಿ, ವಾಲ್ವ್ ತೆರೆದಿದೆ, ಒಣಗಿತು ಅಂದರೆ ಬಚ್ಚಲು ಅಥವಾ ಕೊಳವೆ. ಮನೆಯೂ ಖಾಲಿ, ವಾಲ್ವೂ ಮುಚ್ಚಿದೆ, ಒಣಗಿತು ಅಂದರೆ ನೀರು ಆ ಮನೆಯದ್ದು ಅನ್ನುವುದು ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ. ನಮ್ಮ ಕೈಯಲ್ಲಿದ್ದದ್ದು ಇದು. ಇದನ್ನೇ ನಂಬಿ ಒಬ್ಬರ ಬಾತ್‌ರೂಮ್ ಒಡೆಸಿದೆವು. "ಅಂಕಲ್, ಹೋಗುವಾಗ ವಾಲ್ವ್ ಮುಚ್ಚಿದ್ರಾ?" ಅಂತ ಕೇಳಿದ್ದರೆ ಸಾಕಿತ್ತು. ನಮಗೂ ಹೊಳೆಯಲಿಲ್ಲ, ಮೇಸ್ತ್ರಿಗೂ ಹೊಳೆಯಲಿಲ್ಲ.

ಮೇಸ್ತ್ರಿಯನ್ನು ಕೇಳಿದರೆ ಒಡೆಯೋಣ ಅಂತಾರೆ, ಪೇಂಟ್ ಅಂಗಡಿಯವರನ್ನು ಕೇಳಿದರೆ ಹಚ್ಚೋಣ ಅಂತಾರೆ. ನಮಗೆ ಬೇಕಿದ್ದದ್ದು ಪ್ಲಂಬರ್. ಕೊನೆಗೆ ಬಂದವರು ಸೀಲಿಂಗ್ ಕಡೆ ಒಮ್ಮೆ ನೋಡಿ ಸೀದಾ ಮೇಲೆ ಹೋದರು. ಕೈಯಲ್ಲಿ ಒತ್ತುವ ಸಣ್ಣ ಪಂಪು, ಅದಕ್ಕೊಂದು ಗೇಜ್. ಮೊದಲು ತಣ್ಣೀರು ಲೈನ್: ನಲ್ಲಿ ಬಿಚ್ಚಿ ಬಾಯಿಗಳಿಗೆಲ್ಲಾ ಪ್ಲಗ್ ಹಾಕಿ ಒತ್ತಡ ಕೊಟ್ಟರು. ಮುಳ್ಳು ಕದಲಲಿಲ್ಲ. ಆಮೇಲೆ ಬಿಸಿನೀರು ಲೈನ್. ಗೀಸರ್ ಬಿಚ್ಚಿಟ್ಟರು. ಅದು ಜೋಡಿಸಿಯೇ ಇದ್ದರೆ ಅದರ ಸೇಫ್ಟಿ ವಾಲ್ವ್‌ನಿಂದಲೇ ಒತ್ತಡ ಹೋಗಿಬಿಡಬಹುದು, ಪೈಪ್ ಸೋರುತ್ತಿದೆ ಅಂತ ತಪ್ಪು ತಿಳಿಯುತ್ತೇವೆ. ಎರಡೂ ತುದಿ ಮುಚ್ಚಿ ಪಂಪ್ ಒತ್ತಿದರು. ನಾವು ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಮುಳ್ಳು ಕೆಳಗಿಳಿದಿತ್ತು.

ಬಾತ್‌ರೂಮ್ ಗೀಸರ್‌ನಿಂದ ಅಡುಗೆಮನೆ ಸಿಂಕ್‌ಗೆ ಒಂದು ಬಿಸಿನೀರು ಪೈಪ್ ನೆಲದ ಟೈಲ್ಸ್ ಕೆಳಗೇ ಹೋಗಿತ್ತು. ಆಗ ಆಂಟಿ ಹೇಳಿದರು: "ಅಡುಗೆಮನೆ ಬಾಗಿಲ ಹತ್ತಿರ ಬೆಳಗ್ಗೆ ಹೊತ್ತು ನೆಲ ಬೆಚ್ಚಗಿರುತ್ತೆ ಕಣಮ್ಮ, ಬಿಸಿಲಿಗೆ ಇರಬೇಕು ಅಂದ್ಕೊಂಡಿದ್ದೆ." ಆ ಜಾಗಕ್ಕೆ ಬಿಸಿಲೇ ಬರುವುದಿಲ್ಲ. ಒಂದೇ ಟೈಲ್ ತೆಗೆದಾಗ ಎಲ್ಬೋ, ಅಂದರೆ ಪೈಪ್ ತಿರುಗುವ ಕಡೆಯ ಜೋಡಣೆ, ಸಿಕ್ಕಿತು, ಅಂಟು ಹಾಕಿದ ಜಾಯಿಂಟ್ ಬಿರುಕು ಬಿಟ್ಟಿತ್ತು. ಅಲ್ಲಿಂದ ನೀರು ಟೈಲ್ಸ್ ಕೆಳಗಿನ ಗಾರೆಯೊಳಗೆ ಹರಿದು, ಮನೆಯಲ್ಲೇ ತಗ್ಗಿನ ಜಾಗವಾದ ಬಾತ್‌ರೂಮ್ ಗುಂಡಿಗೆ ಸೇರುತ್ತಿತ್ತು. ಅದಕ್ಕೇ ಒಳಗೆಲ್ಲಾ ತೊಪ್ಪೆ. ಆ ಗುಂಡಿಗೆ ನಾವು ಗಟ್ಟಿ ವಾಟರ್‌ಪ್ರೂಫಿಂಗ್ ಮಾಡಿಸಿದೆವು, ನೀರು ಬೇರೆ ದಾರಿ ಹಿಡಿದು ಪ್ಯಾಸೇಜ್‌ಗೆ ಬಂತು.

ಎಲ್ಬೋ ಬದಲಾಯಿಸುವುದು ಬೇಡ ಅಂದೆವು. ಆ ಲೈನನ್ನೇ ಎರಡೂ ಕಡೆ ಮುಚ್ಚಿಸಿ, ಬಿಸಿನೀರು ತಡೆಯುವ ಹೊಸ ಸಿಪಿವಿಸಿ ಪ್ಲಾಸ್ಟಿಕ್ ಪೈಪನ್ನು ಗೋಡೆ ಮೇಲೆ, ಕಣ್ಣಿಗೆ ಕಾಣುವ ಹಾಗೆ ಹಾಕಿಸಿದೆವು. ನೋಡಲು ಚೆನ್ನಾಗಿಲ್ಲ ಅಂತ ಕೆಲವರು ಅಂತಾರೆ. ನನಗೆ ಅದೇ ಚೆನ್ನ. ನೆಲದೊಳಗೆ ಪೈಪ್ ಹೂಳುವುದೇ ನಮ್ಮ ಕಟ್ಟಡಗಳ ದೊಡ್ಡ ದೋಷ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ನಿಮ್ಮ ವಿಷಯ. ಮೊದಲು, ಕಲೆಯ ಹತ್ತಿರ ಲೈಟೋ ಫ್ಯಾನೋ ಇದ್ದರೆ ಇವತ್ತೇ ಆ ಕರೆಂಟ್ ಲೈನಿನ ಎಂಸಿಬಿ ಸ್ವಿಚ್ ಇಳಿಸಿ. ಸ್ಲ್ಯಾಬ್‌ನೊಳಗಿನ ವೈರಿಂಗ್ ಪೈಪ್‌ನಲ್ಲಿ ನೀರು ಬಹಳ ದೂರ ಹೋಗುತ್ತದೆ. ಆಮೇಲೆ ಮೇಲಿನವರ ಹತ್ತಿರ ಹೋಗಿ. ಜಗಳಕ್ಕಲ್ಲ. "ನಿಮ್ಮ ಮನೆ ಸೋರುತ್ತಿದೆ" ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅವರ ನೆಲ ನಿಜವಾಗಿಯೂ ಒಣಗಿದೆ, ಅವರು ಸುಳ್ಳು ಹೇಳುತ್ತಿಲ್ಲ. "ಒಂದು ಪ್ರೆಶರ್ ಟೆಸ್ಟ್ ಮಾಡಿಸೋಣ, ಖರ್ಚು ನಮ್ಮದು" ಅನ್ನಿ. ಟೈಲ್ಸ್ ಒಡೆಸುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಹಳೇ ಮನೆಗಳಲ್ಲಿ ಅಡುಗೆಮನೆಗೊಂದು, ಪ್ರತಿ ಬಾತ್‌ರೂಮ್‌ಗೊಂದು ಅಂತ ಬೇರೆ ಬೇರೆ ವಾಲ್ವ್ ಇರಬಹುದು. ಒಂದನ್ನು ಮುಚ್ಚಿ ಇಡೀ ಮನೆ ಮುಚ್ಚಿದೆವು ಅಂದುಕೊಳ್ಳಬೇಡಿ.

ತಣ್ಣೀರು, ಬಿಸಿನೀರು ಎರಡೂ ಲೈನ್ ಪಾಸಾದರೆ ಮಾತ್ರ ಬಚ್ಚಲಿನ ಮೇಲೆ ಅನುಮಾನ ಪಡಿ. ಆಗಲೂ ಒಡೆಯುವ ಮುಂಚೆ ನಹಾನಿ ಟ್ರ್ಯಾಪ್ ಬಾಯಿ ಕಟ್ಟಿ, ನೆಲದ ಮೇಲೆ ಒಂದಿಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗುರುತು ಹಾಕಿ 24 ಗಂಟೆ ಬಿಡಿ. ನೀರು ಗುರುತಿಗಿಂತ ಚೆನ್ನಾಗಿ ಇಳಿದಿದ್ದರೆ ನೆಲ ಸೋರುತ್ತಿದೆ. ಇಳಿಯದಿದ್ದರೆ ಟ್ರ್ಯಾಪ್‌ಗೆ ಕಟ್ಟಿದ್ದನ್ನು ಬಿಚ್ಚಿ ಬಣ್ಣದ ನೀರು ಸುರಿದು, ಕೆಳಗೆ ಬರುತ್ತದಾ ನೋಡಿ. ಬಣ್ಣ ಕಾಣಲಿಲ್ಲ ಅಂದ ಮಾತ್ರಕ್ಕೆ ಕೊಳವೆ ಸರಿ ಇದೆ ಅಂತಲ್ಲ. ಇಟ್ಟಿಗೆ ಚೂರಿನಲ್ಲಿ ಸೋಸಿ ಹೋಗಬಹುದು, ದಿನಗಟ್ಟಲೆ ತಡವಾಗಬಹುದು. ಒಂದು ಸಲಕ್ಕೆ ಒಂದೇ ಪರೀಕ್ಷೆ ಮಾಡಿ, ಎರಡನ್ನು ಬೆರೆಸಬೇಡಿ.

ಥರ್ಮಲ್ ಕ್ಯಾಮೆರಾ ತರುತ್ತೇವೆ ಅನ್ನುವವರು ಈಗ ತುಂಬಾ ಜನ. ಆ ಕ್ಯಾಮೆರಾಗೆ ನೀರು ಕಾಣುವುದಿಲ್ಲ, ಮೇಲ್ಮೈಯ ಬಿಸಿ ತಂಪಿನ ವ್ಯತ್ಯಾಸ ಮಾತ್ರ ಕಾಣುತ್ತದೆ. ಬಿಸಿನೀರು ಲೈನ್ ಸೋರುತ್ತಿದೆ ಅಂತ ಖಚಿತವಾದ ಮೇಲೆ ಜಾಗ ಹುಡುಕಲು ಒಳ್ಳೆಯದು. ಮೊದಲೇ ಸುಮ್ನೆ ಕರೆಸಬೇಡಿ.

ಪೇಂಟ್, ಕೆಳಗಿನಿಂದ ಕೆಮಿಕಲ್ ಇಂಜೆಕ್ಷನ್, ಎರಡನ್ನೂ ಯಾಕೆ ಬೇಡ ಅಂತೀನಿ ಅಂದರೆ ನೀರು ಬರುವುದು ಅದರಿಂದ ನಿಲ್ಲುವುದಿಲ್ಲ, ನಿಮಗೆ ಕಾಣುವುದು ನಿಲ್ಲುತ್ತದೆ. ನೀರು ಸ್ಲ್ಯಾಬ್‌ನಲ್ಲೇ ಉಳಿದು ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಕಾಂಕ್ರೀಟನ್ನೇ ಒಡೆದು ಉದುರಿಸುತ್ತದೆ. ಅದು ಎರಡೂ ಮನೆಗೆ ಅಪಾಯ. ನೀರಿನ ಲೆಕ್ಕವೂ ಸಣ್ಣದಲ್ಲ. ಹತ್ತು ನಿಮಿಷಕ್ಕೆ ಒಂದು ಲೀಟರ್ ಜಿನುಗಿದರೂ ದಿನಕ್ಕೆ 144 ಲೀಟರ್, ತಿಂಗಳಿಗೆ 4,000ಕ್ಕಿಂತ ಜಾಸ್ತಿ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ನಿಂತ ಈ ಊರಿನಲ್ಲಿ ಅಷ್ಟು ನೀರು ಸ್ಲ್ಯಾಬ್‌ನೊಳಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸೋರಿಕೆ ನಿಂತು ಸೀಲಿಂಗ್ ಪೂರ್ತಿ ಒಣಗಿದ ಮೇಲೆ ಸಡಿಲವಾದ ಗಾರೆ ಕೆರೆಸಿ ಮಾಮೂಲಿ ಪುಟ್ಟಿ, ಮಾಮೂಲಿ ಪೇಂಟ್ ಸಾಕು. ಒಣಗಲು ತಿಂಗಳುಗಳೇ ಬೇಕಾಗಬಹುದು, ಅವಸರ ಮಾಡಬೇಡಿ.

ಕಟ್ಟಡಕ್ಕೆ ಎಷ್ಟು ವರ್ಷ ಅಂತ ನೀವು ಬರೆದಿಲ್ಲ. ಮನೆ ಕೈಗೆ ಬಂದು 5 ವರ್ಷ ಆಗಿಲ್ಲದಿದ್ದರೆ ಒಂದು ಟೈಲನ್ನೂ ಒಡೆಯಬೇಡಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಸೆಕ್ಷನ್ ಪ್ರಕಾರ, ಕೆಲಸದ ಗುಣಮಟ್ಟದಲ್ಲಿ ದೋಷ ಇದೆ ಅಂತ ಬಿಲ್ಡರ್‌ಗೆ ತಿಳಿಸಿದರೆ ಅವರು 30 ದಿನದೊಳಗೆ ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕು. ಪ್ರೆಶರ್ ಟೆಸ್ಟ್ ಮಾಡುವಾಗ ಗೇಜ್‌ನ ಮುಳ್ಳು ಇಳಿಯುವುದನ್ನು ವಿಡಿಯೋ ಮಾಡಿಕೊಳ್ಳಿ. ನೀವೂ ಮೇಲಿನವರೂ ಸೇರಿ ಸಹಿ ಹಾಕಿ ಪತ್ರ ಕಳಿಸಿ.