ಕ–ಗ ವ್ಯತ್ಯಾಸವೇ ಬೇರೆ, ಕ–ಖ ವ್ಯತ್ಯಾಸವೇ ಬೇರೆ

ಗ, ಖ ಎರಡನ್ನೂ ‘ಕ ಅಕ್ಷರವನ್ನು ಒತ್ತಿ ಹೇಳಿದ ರೂಪ’ ಎಂದು ಕಲಿತಿದ್ದಾಗಿ ತಿಳಿಸಿ, ಹಾಗಾದರೆ ಇವೆರಡಕ್ಕೂ ವ್ಯತ್ಯಾಸವೇನು ಎಂದು ಕೇಳಿದ್ದೀರಿ. ‘ಒತ್ತಿ ಹೇಳುವುದು’ ಎಂಬ ವಿವರಣೆಯೇ ಸರಿಯಲ್ಲ. ಕ, ಖ, ಗ, ಘ ನಾಲ್ಕರಲ್ಲೂ ನಾಲಿಗೆಯ ಹಿಂಭಾಗವು ಮೃದು ಅಂಗುಳಕ್ಕೆ ತಾಗಿ ಉಸಿರಿನ ದಾರಿಯನ್ನು ಕ್ಷಣಕಾಲ ಮುಚ್ಚುತ್ತದೆ. ಉಚ್ಚಾರಣೆಯ ಸ್ಥಾನ ಒಂದೇ. ಬೇರೆಯಾಗುವುದು ಎರಡು ಸಂಗತಿಗಳು: ಗಂಟಲಿನ ನಾದ ಮತ್ತು ಹೊರಬೀಳುವ ಉಸಿರು.

ಚಿಂತಾಮಣಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು ಇದನ್ನು ಮಕ್ಕಳಿಂದಲೇ ಮಾಡಿಸಿ ತೋರಿಸುತ್ತೇನೆ. ಬರೀ ‘ಕ’, ‘ಗ’ ಎಂದರೆ ಸಾಲದು, ಏಕೆಂದರೆ ಜೊತೆಗಿರುವ ‘ಅ’ ಸ್ವರವೇ ಗಂಟಲನ್ನು ಕಂಪಿಸುತ್ತದೆ. ಗಂಟಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ‘ಅಕ್ಕ’, ‘ಅಗ್ಗ’ ಎಂದು ಹೇಳಿ ನೋಡಿ: ‘ಅಕ್ಕ’ದ ನಡುವೆ ಕಂಪನ ಪೂರ್ತಿ ನಿಂತು ಮತ್ತೆ ಆರಂಭವಾಗುತ್ತದೆ, ‘ಅಗ್ಗ’ದಲ್ಲಿ ದಾರಿ ಮುಚ್ಚಿರುವಾಗಲೂ ಧ್ವನಿತಂತುಗಳು ಮಿಡಿಯುತ್ತಲೇ ಇರುತ್ತವೆ. ಹೀಗಾಗಿ ಕ ಅಘೋಷ, ಗ ಘೋಷ. ಇನ್ನು ತೆಳುವಾದ ಕಾಗದದ ಪಟ್ಟಿಯೊಂದನ್ನು ತುಟಿಯ ಮುಂದೆ ಹಿಡಿದು ‘ಕರ’, ‘ಖರ’ ಎನ್ನಿ. ‘ಖರ’ ಎನ್ನುವಾಗ ಮುಚ್ಚಿದ ದಾರಿ ತೆರೆದೊಡನೆ ಉಸಿರು ರಭಸದಿಂದ ನುಗ್ಗಿ ಕಾಗದ ಅಲುಗಾಡುತ್ತದೆ. ಸ್ವರದ ನಾದ ತುಸು ತಡವಾಗಿ ಬರುತ್ತದೆ. ಇದೇ ಮಹಾಪ್ರಾಣ. ಘ ಅಕ್ಷರದಲ್ಲಿ ಘೋಷವೂ ಉಸಿರೂ ಎರಡೂ ಕೂಡಿರುತ್ತವೆ.

ವರ್ಗೀಯ ವ್ಯಂಜನಗಳ ಪಟ್ಟಿ ನಿಂತಿರುವುದು ಈ ಲೆಕ್ಕದ ಮೇಲೆಯೇ. ಐದು ಸಾಲುಗಳು ಐದು ಸ್ಥಾನಗಳನ್ನು ಹೇಳಿದರೆ, ಪ್ರತಿ ಸಾಲಿನ ಮೊದಲ ನಾಲ್ಕು ಅಕ್ಷರಗಳು ನಾದ ಮತ್ತು ಉಸಿರಿನ ನಾಲ್ಕು ಜೋಡಣೆಗಳು. ಐದನೆಯದು ಉಸಿರು ಮೂಗಿನ ಮೂಲಕ ಹೊರಡುವ ಅನುನಾಸಿಕ. ಇಷ್ಟು ಅಚ್ಚುಕಟ್ಟಾದ ಪಟ್ಟಿಯನ್ನು ಕಾರಣ ತಿಳಿಸದೆ ಬಾಯಿಪಾಠ ಮಾಡಿಸುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಕನ್ನಡದ ಮಟ್ಟಿಗೆ ಈ ಎರಡು ವ್ಯತ್ಯಾಸಗಳ ತೂಕವೂ ಒಂದೇ ಅಲ್ಲ. ಕೂಡು–ಗೂಡು, ಕಂಡ–ಗಂಡ ಮುಂತಾದ ಜೋಡಿಗಳನ್ನು ಅಕ್ಷರ ಬಾರದವರೂ ಬೇರ್ಪಡಿಸಿಯೇ ಆಡುತ್ತಾರೆ. ಮಹಾಪ್ರಾಣವಾದರೋ ಬಹುಪಾಲು ಸಂಸ್ಕೃತದಿಂದ ಬಂದ ಪದಗಳಲ್ಲಿ ಕಾಣುವಂಥದ್ದು; ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಆಡುಮಾತಿನಲ್ಲಿ ಭೂಮಿ ‘ಬೂಮಿ’ಯಾಗಿ, ಧರ್ಮ ‘ದರ್ಮ’ವಾಗಿ ಕೇಳಿಬರುವುದು ಸಾಮಾನ್ಯ. ಬರೆಯುವಾಗ ಮಹಾಪ್ರಾಣವನ್ನು ಕಡ್ಡಾಯವಾಗಿ ಕಲಿಸಬೇಕು; ಆದರೆ ಆಡುವಾಗ ಅದನ್ನು ಬಿಟ್ಟ ಮಗುವಿಗೆ ನಾಲಿಗೆ ಹೊರಳುವುದಿಲ್ಲವೆಂದು ಹೀಯಾಳಿಸುವುದನ್ನು ನಾನು ಒಪ್ಪುವುದಿಲ್ಲ.